ಕೈಗುಣ ಎಂಬುದು ಎಷ್ಟು ನಿಜ?

‘ಈಗಿನ ಡಾಕ್ಟರರಿಗೆ ಕೈಗುಣವೇ ಇಲ್ಲ. ನಮ್ಮ ಕಾಲದವರು ನಾಡಿ ಹಿಡಿದರೆ ಸಾಕು, ರೋಗ ಹೇಳುತ್ತಿದ್ದರು.’

ಈ ಮಾತನ್ನು ನೀವೂ ಕೇಳಿರುತ್ತೀರಿ. ಬಹುಶಃ ಆಡಿಯೂ ಇರುತ್ತೀರಿ. ಊರ ಕಟ್ಟೆಯ ಮೇಲೆ, ರಾಮದುರ್ಗದ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಮುಂದೆಯೇ ಇದನ್ನು ಆಡುವವರಿದ್ದಾರೆ. ನಾನು ಹಳೆಯ ಕಾಲದ ಡಾಕ್ಟರನೇ ಆದುದರಿಂದ ಈ ಹೊಗಳಿಕೆಯಲ್ಲಿ ನನಗೂ ಒಂದು ಪಾಲು ಸಲ್ಲುತ್ತದೆ. ಹಾಗಿದ್ದರೂ ಇದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ. ಏಕೆಂದರೆ ಆ ಕಾಲವನ್ನು ನಾನು ಒಳಗಿನಿಂದ ಕಂಡಿದ್ದೇನೆ.

ನಾನು ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು ಸೇರಿದ್ದು 1968ರಲ್ಲಿ. ಆಗ ಆ ಕಾಲೇಜಿಗೆ ಹನ್ನೊಂದು ವರ್ಷದ ಪ್ರಾಯ. 1957ರಲ್ಲಿ ಅದು ಶುರುವಾಗಿತ್ತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಬಂದಿತ್ತು. ಅದಕ್ಕೂ ಮೊದಲು ನಮ್ಮ ಭಾಗದ ಹಳ್ಳಿಗಳಲ್ಲಿ ಡಾಕ್ಟರೆಂದರೆ ಮುಂಬಯಿಯ ಎಲ್.ಸಿ.ಪಿ.ಎಸ್. ಪದವಿ ಪಡೆದ ಒಬ್ಬಿಬ್ಬರು, ಇಲ್ಲವೆ ಯಾವುದೋ ದವಾಖಾನೆಯಲ್ಲಿ ಕಂಪೌಂಡರ್ ಆಗಿ ಕೈ ಪಳಗಿಸಿಕೊಂಡವರು. ರೋಗ ಬಲಿತರೆ ಜನ ಮಿರಜದ ವಾನ್ಲೆಸ್ ಆಸ್ಪತ್ರೆಗೆ ಹೋಗುತ್ತಿದ್ದರು, ಇಲ್ಲವೆ ಗದಗ-ಬೆಟಗೇರಿಯ ಮಿಶನ್ ಆಸ್ಪತ್ರೆಗೆ. ‘ಮಿರಜಕ್ಕ ಒಯ್ದಾರಂತ’ ಎಂಬ ಸುದ್ದಿ ಬಂತೆಂದರೆ ಬೀಗರು ಹೊರಡಲು ಸಿದ್ಧರಾಗುತ್ತಿದ್ದರು.

ಹೆಣ ಕೊಯ್ಯುವ ಕೋಣೆಯ ಫಾರ್ಮಾಲಿನ್ ವಾಸನೆ ಮೈಗೆ ಹತ್ತಿದರೆ ಸಾಬೂನಿಗೂ ಬಗ್ಗುತ್ತಿರಲಿಲ್ಲ. ವಿದ್ಯಾನಗರದಿಂದ ನಡೆದು ಖಾನಾವಳಿಗೆ ಹೋದರೆ ಬಡಿಸುವವನು ನಮ್ಮನ್ನು ಒಂದು ಮೂಲೆಯಲ್ಲಿ ಬೇರೆಯೇ ಕೂಡ್ರಿಸುತ್ತಿದ್ದ. ಅದೇ ಕೈಯಿಂದ ರೊಟ್ಟಿ ಮುರಿಯಲು ಮೊದಲ ವಾರ ಆಗಲಿಲ್ಲ, ಎರಡನೆಯ ವಾರ ಹಸಿವು ಗೆದ್ದಿತು. ಒಂದೂವರೆ ವರ್ಷ ಹೀಗೆ ಕಳೆದ ಮೇಲೆ ವಾರ್ಡಿಗೆ ಬಿಟ್ಟರು.

ಅಲ್ಲಿ ಕಲಿಸುತ್ತಿದ್ದುದು ಏನು? ನೋಡುವುದು, ಮುಟ್ಟುವುದು, ಬೆರಳಿನಿಂದ ತಟ್ಟುವುದು, ಕಿವಿಗೊಡುವುದು. ಈ ನಾಲ್ಕು ಮುಗಿಯುವವರೆಗೆ ಎಕ್ಸ್-ರೇ ಕೇಳುವಂತಿರಲಿಲ್ಲ. ಹಚಿಸನ್ ಅವರ ಪುಸ್ತಕವನ್ನು ನಾವು ಪೋಥಿಯಂತೆ ಓದುತ್ತಿದ್ದೆವು. ನಮ್ಮ ಗುರುಗಳೊಬ್ಬರು ರೋಗಿ ಬಾಗಿಲಿನಿಂದ ಮಂಚದವರೆಗೆ ನಡೆದು ಬರುವುದನ್ನು ಮಾತ್ರ ತೋರಿಸಿ, ಇವನಿಗೆ ಏನಾಗಿರಬಹುದು ಎಂದು ಕೇಳುತ್ತಿದ್ದರು. ಅರ್ಧ ಗಂಟೆ ಒಬ್ಬನೇ ರೋಗಿಯ ಸುತ್ತ ಹತ್ತು ವಿದ್ಯಾರ್ಥಿಗಳು. ಪಾಪ, ರೋಗಿಗೆ ಅದು ಬೇಸರದ ಸಂಗತಿಯೇ. ಆದರೆ ‘ನಾಡಿ ಹಿಡಿದು ರೋಗ ಹೇಳುತ್ತಿದ್ದರು’ ಎಂದು ನೀವು ಹೊಗಳುವ ವಿದ್ಯೆಯ ಮೂಲ ಅಲ್ಲಿದೆ. ನಾಡಿಯೊಂದರಿಂದಲೇ ಯಾರೂ ಎಲ್ಲವನ್ನೂ ಹೇಳುತ್ತಿರಲಿಲ್ಲ. ನಾಡಿ ಹಿಡಿದ ಆ ಒಂದು ನಿಮಿಷದಲ್ಲಿ ಡಾಕ್ಟರು ನಿಮ್ಮ ಕಣ್ಣಿನ ಬಿಳುಪು, ಉಗುರಿನ ಬಣ್ಣ, ಉಸಿರಿನ ವೇಗ, ಕಾಲಿನ ಬಾವು, ಜೊತೆಗೆ ಬಂದವರ ಮುಖ ಎಲ್ಲವನ್ನೂ ನೋಡಿಬಿಡುತ್ತಿದ್ದರು.

ಇಷ್ಟು ನಿಜ. ಇನ್ನುಳಿದ ಅರ್ಧವನ್ನೂ ಹೇಳಬೇಕು. ರೋಗ ಗೊತ್ತಾದ ಮೇಲೆ ಕೊಡಲು ನಮ್ಮ ಕೈಯಲ್ಲಿ ಬಹಳ ಇರಲಿಲ್ಲ. ನಾನು ನೌಕರಿ ಸೇರಿದ 1975ರಲ್ಲಿ ಹಳ್ಳಿಯ ದವಾಖಾನೆಯ ಕಪಾಟಿನಲ್ಲಿ ಸಲ್ಫಾ ಗುಳಿಗೆ, ಪೆನಿಸಿಲಿನ್, ಜಂತಿನ ಔಷಧ, ಮತ್ತೆ ಸಾಲುಸಾಲು ಮಿಕ್ಸ್ಚರುಗಳು. ಜನ ತಮ್ಮ ಮನೆಯಿಂದಲೇ ಬಾಟಲಿ ತರುತ್ತಿದ್ದರು. ಕಂಪೌಂಡರನು ಕಾಗದದ ಪಟ್ಟಿಯನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದನು. ಒಂದು ಹಲ್ಲಿಗೆ ಒಂದು ಸಲದ ಔಷಧ. ಆ ಕೆಂಪು ನೀರು ಕುಡಿದು ಗುಣವಾದವರಲ್ಲಿ ಹೆಚ್ಚಿನವರು ಅದನ್ನು ಕುಡಿಯದಿದ್ದರೂ ಗುಣವಾಗುವವರೇ. ನೆಗಡಿ, ಸಾದಾ ಜ್ವರ, ಮೈಕೈ ನೋವು ಇವಕ್ಕೆ ನಾಲ್ಕಾರು ದಿನಗಳ ಆಯುಷ್ಯ. ಮೂರನೆಯ ದಿನ ಡಾಕ್ಟರರಲ್ಲಿಗೆ ಹೋದರೆ ಐದನೆಯ ದಿನ ಅವರ ಕೈಗುಣ ಕಾಣುತ್ತದೆ!

ಹಾವು ಕಚ್ಚಿದಾಗ ಮಂತ್ರ ಹಾಕುವವನ ಹೆಸರು ಬೆಳೆಯುವುದೂ ಹೀಗೆಯೇ. ಕಚ್ಚುವ ಹಾವುಗಳಲ್ಲಿ ಅನೇಕ ವಿಷವಿಲ್ಲದವು. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಬದುಕಿದವರು ಮಂತ್ರದವನ ಸಾಕ್ಷಿಗಳಾಗುತ್ತಾರೆ. ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆಜ್ಞೆ ಹೊರಡಿಸಿತು. ಒಳ್ಳೆಯ ಕೆಲಸ. ಆದರೆ ಮಂತ್ರದವನ ಅಂಗಳದಲ್ಲಿ ಕಳೆದುಹೋದ ಎರಡು ತಾಸನ್ನು ಯಾವ ವರದಿಯೂ ತಿರುಗಿ ತರಲಾರದು. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇರಿಸಿ, ಬಿಗಿದು ಕಟ್ಟದೆ, ಕೊಯ್ಯದೆ, ನೇರವಾಗಿ ಆಸ್ಪತ್ರೆಗೆ ನಡೆಯಿರಿ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದಲ್ಲದೆ ಬೇರೆ ಮದ್ದಿಲ್ಲ.

ಹಾಗಾದರೆ ನನ್ನ ಕಾಲದಲ್ಲಿ ನಿಜವಾಗಿ ಏನು ಬದಲಾಯಿತು? ನನ್ನ ಉತ್ತರದಲ್ಲಿ ಮೊದಲು ಬರುವುದು ನಾರುಹುಣ್ಣು. ಈಗ ನಲವತ್ತರೊಳಗಿನವರಿಗೆ ಈ ಹೆಸರೇ ಗೊತ್ತಿರಲಿಕ್ಕಿಲ್ಲ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ಊರುಗಳಲ್ಲಿ ಇದು ಮನೆಮಾತಾಗಿತ್ತು. ಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳು, ಅದರೊಳಗೆ ನಾರಿನ ಮರಿ. ನೀರು ಕುಡಿದ ಒಂದು ವರ್ಷಕ್ಕೆ ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು ಬಿಳಿಯ ದಾರದಂಥ ಹುಳು ತಲೆ ಹಾಕುತ್ತಿತ್ತು. ಉದ್ದ ಎರಡು ಮೂರು ಅಡಿ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲು ಕೀವಾಗುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ತಣ್ಣೀರಿಗೆ ಇಳಿಬಿಡುತ್ತಿದ್ದ. ಅದೂ ಅದೇ ಬಾವಿಯ ಮೆಟ್ಟಿಲ ಮೇಲೆ ಕೂತು! ಹುಳು ಕಾಯುತ್ತಿದ್ದುದು ಅದಕ್ಕೇ. ನೀರು ತಾಗಿದೊಡನೆ ಸಾವಿರಾರು ಮರಿಗಳನ್ನು ಬಿಡುತ್ತಿತ್ತು. ಮುಂದಿನ ವರ್ಷದ ಸುಗ್ಗಿಗೆ ಓಣಿಯ ಅರ್ಧ ಜನ ಮಲಗಿರುತ್ತಿದ್ದರು, ಜೋಳ ಹೊಲದಲ್ಲಿಯೇ ಉದುರುತ್ತಿತ್ತು.

ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಇಂದಿಗೂ ಇಲ್ಲ. ಎಂಥ ಕೈಗುಣದ ಡಾಕ್ಟರರೂ ಕಡ್ಡಿ ಸುತ್ತುವುದಕ್ಕಿಂತ ಹೆಚ್ಚಿನದನ್ನು ಮಾಡಲಾರರು. 1984ರಲ್ಲಿ ದೇಶದಲ್ಲಿ ಸುಮಾರು 40,000 ನಾರುಹುಣ್ಣಿನ ರೋಗಿಗಳನ್ನು ಎಣಿಸಿದ್ದರು. ಆಮೇಲೆ ನಡೆದುದು ಇಷ್ಟೇ: ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿರೆಂದು ಮನೆಮನೆಗೆ ಹೇಳಿದರು, ಬಾವಿಗೆ ಔಷಧ ಹಾಕಿದರು, ಮೆಟ್ಟಿಲು ಬಾವಿಗೆ ಯಾರೂ ಇಳಿಯದಂತೆ ಮಾಡಿದರು, ಬೋರ್‌ವೆಲ್ ಕೊರೆಯಿಸಿದರು. ಭಾರತದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ತಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಹೊಸ ಸೀರೆಯ ಒಂದು ತುಂಡು ಮಾಡಿದ ಈ ಕೆಲಸವನ್ನು ನಾನು ನನ್ನ ಪದವಿಗಿಂತ ದೊಡ್ಡದೆಂದು ತಿಳಿದಿದ್ದೇನೆ. ಇದನ್ನು ಮಾಡಿದವರು ಸೈಕಲ್ಲಿನ ಮೇಲೆ ಅಡ್ಡಾಡಿದ ಆರೋಗ್ಯ ಸಹಾಯಕರು. ಅವರ ಹೆಸರನ್ನು ಯಾವ ಊರಿನವರೂ ‘ಕೈಗುಣ’ ಎಂದು ಹೊಗಳಲಿಲ್ಲ.

ಇನ್ನೊಂದು ಉಪ್ಪು-ಸಕ್ಕರೆ ನೀರಿನ ಕಥೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಕ್ಕೆ ಬಂದಾಗ ಕಾಲರಾ ಹಬ್ಬಿತು. ಸಲೈನ್ ಬಾಟಲಿ ಮುಗಿದುಹೋದವು. ಡಾ. ದಿಲೀಪ್ ಮಹಲನೋಬಿಸ್ ಅವರು ಗ್ಲೂಕೋಸು, ಉಪ್ಪು, ಅಡಿಗೆ ಸೋಡಾಗಳನ್ನು ನೀರಿಗೆ ಬೆರೆಸಿ ಡ್ರಮ್ಮಿನಲ್ಲಿ ಇಟ್ಟು, ರೋಗಿಯ ಮನೆಯವರೇ ಲೋಟದಿಂದ ಕುಡಿಸಲಿ ಎಂದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ನಾವು ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಗಲೇ ಇದು ನಡೆದಿತ್ತು, ನಮ್ಮ ಪುಸ್ತಕಕ್ಕೆ ಬರಲು ಮತ್ತಷ್ಟು ವರ್ಷ ಬೇಕಾಯಿತು. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವುದರೊಳಗೆ ತೀರಿಹೋಗುತ್ತಿದ್ದವು. 2020ರ ಲೆಕ್ಕದಲ್ಲಿ ಅದು 28. ಹಳೆಯ ಕಾಲ ಚೆನ್ನಾಗಿತ್ತು ಎನ್ನುವವರು ಈ ಎರಡು ಸಂಖ್ಯೆಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿ ಇಟ್ಟು ನೋಡಲಿ. ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳು ಹುಟ್ಟಿದ್ದವು, ಎಷ್ಟು ಉಳಿದವು ಎಂದು ಮನೆಯಲ್ಲಿ ಕೇಳಿದರೂ ಸಾಕು.

ಬಾಣಂತಿಯರ ವಿಷಯವೂ ಹೀಗೆಯೇ. ರಾತ್ರಿ ಚಕ್ಕಡಿಯಲ್ಲಿ ಬಸುರಿಯನ್ನು ಮಲಗಿಸಿಕೊಂಡು ಬಂದು ದವಾಖಾನೆಯ ಬಾಗಿಲು ತಟ್ಟುತ್ತಿದ್ದ ಕಾಲ ಅದು. ಎತ್ತುಗಳ ಗಂಟೆಯ ಸಪ್ಪಳ ಕೇಳಿದರೆ ನನಗೆ ಈಗಲೂ ಎಚ್ಚರವಾಗುತ್ತದೆ. 2008ರ ನವೆಂಬರಿನಲ್ಲಿ 108 ವಾಹನ ಬಂತು, ಅದಕ್ಕೆ ಮೊದಲೇ ಆಶಾ ಕಾರ್ಯಕರ್ತೆಯರು ಬಂದಿದ್ದರು. ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗಳಿಗೆ 2004–06ರಲ್ಲಿ 213 ತಾಯಂದಿರು ಸಾಯುತ್ತಿದ್ದರೆ, 2018–20ರಲ್ಲಿ ಆ ಸಂಖ್ಯೆ 69. ಇದು ಯಾರೊಬ್ಬರ ಕೈಯ ಗುಣವೂ ಅಲ್ಲ.

ಈಗ ‘ಸೂಜಿ’ಯ ವಿಷಯಕ್ಕೆ ಬರುತ್ತೇನೆ. ನಮ್ಮ ಭಾಗದಲ್ಲಿ ಡಾಕ್ಟರರ ಯೋಗ್ಯತೆಯನ್ನು ಅಳೆಯುವುದು ಸೂಜಿಯಿಂದ. ‘ಬರೇ ಗುಳಿಗಿ ಕೊಟ್ರ ಹ್ಯಾಂಗ್ರಿ ಸಾಹೇಬ್ರ? ಒಂದ್ ಸೂಜಿ ಮಾಡ್ರಿ’ ಎಂದು ಹೇಳದೆ ಹೋದ ರೋಗಿಗಳನ್ನು ನಾನು ಬೆರಳಿನಲ್ಲಿ ಎಣಿಸಬಲ್ಲೆ. ಒಬ್ಬ ಮುದುಕಿಗೆ, ‘ಯವ್ವಾ, ಈ ಕೆಮ್ಮಿಗೆ ಸೂಜಿ ಬ್ಯಾಡ’ ಎಂದು ತಿಳಿಸಿ ಹೇಳಿದೆ. ‘ಆತು ಬಿಡಪಾ, ನಿನಗ ಮಾಡಾಕ ಬರೂದಿಲ್ಲಂದ್ರ ಮುಂದಿನ ಊರಿಗೆ ಹೊಕ್ಕೇನಿ’ ಎಂದು ಎದ್ದು ಹೋದಳು. ಹೋದಳು, ಮಾಡಿಸಿಕೊಂಡಳು, ಮರುದಿನ ನನಗೆ ಕೈ ಎತ್ತಿ ತೋರಿಸಿದಳು. ಇಂಥವರೊಡನೆ ವಾದಿಸಿ ಗೆಲ್ಲಲು ಬರುವುದಿಲ್ಲ.

ಆದರೆ ಓದುವ ನೀವು ಸ್ವಲ್ಪ ಲೆಕ್ಕ ಹಾಕಿ. ಸುಸ್ತಾಗಿದೆ ಎಂದು ನೀವು ಏರಿಸಿಕೊಳ್ಳುವ ಅರ್ಧ ಲೀಟರಿನ ಶೇಕಡಾ 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಎಂದರೆ ಐದು ಚಹಾ ಚಮಚೆ. ಒಂದು ಜೋಳದ ರೊಟ್ಟಿ ಇದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತದೆ, ರಟ್ಟೆಗೆ ಚುಚ್ಚಿಸಿಕೊಳ್ಳುವ ನೋವೂ ಇಲ್ಲ. ಕೆಂಪು ಸೂಜಿ ಎಂದು ಕೇಳಿ ಪಡೆಯುವುದು ಬಿ-12 ವಿಟಮಿನ್. ಅದು ಕಡಿಮೆ ಇದ್ದವರಿಗೆ ಮಾತ್ರ ಉಪಯೋಗ. ಇವು ಹಣ ಹಾಳು ಮಾಡುವ ಸೂಜಿಗಳು, ಹೋಗಲಿ. ಅಪಾಯದ್ದು ಬೇರೆ ಇದೆ. ಮೊಣಕಾಲು ನೋವಿಗೆ, ದಮ್ಮಿಗೆ, ಮೈ ತುರಿಕೆಗೆ ‘ಒಂದೇ ಸೂಜಿಗೆ ಹಗುರಾತು’ ಎಂದು ನೀವು ಮೆಚ್ಚುವುದರಲ್ಲಿ ಅನೇಕ ಸಲ ಸ್ಟಿರಾಯ್ಡ್ ಇರುತ್ತದೆ. ಸರಿಯಾದ ರೋಗಕ್ಕೆ ಸರಿಯಾದ ಪ್ರಮಾಣದಲ್ಲಿ ಅದು ಜೀವ ಉಳಿಸುವ ಔಷಧ. ಗೊತ್ತಿಲ್ಲದೆ ತಿಂಗಳಾನುಗಟ್ಟಲೆ ಹೋದರೆ ಸಕ್ಕರೆ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಎಲುಬು ಪೊಳ್ಳಾಗುತ್ತದೆ, ಮುಖ ಚಂದ್ರನಂತೆ ದುಂಡಾಗುತ್ತದೆ. ಮುಖ ದುಂಡಾದುದನ್ನು ಕಂಡು ‘ಮೈ ಹಿಡಿತು’ ಎಂದು ಸಂತೋಷಪಟ್ಟ ಮನೆಗಳಿವೆ. ಚುಚ್ಚುವ ಮುನ್ನ ‘ಇದು ಯಾವ ಸೂಜಿರೀ, ಚೀಟಿಯಲ್ಲಿ ಬರೆದುಕೊಡ್ರಿ’ ಎಂದು ಕೇಳುವುದು ನಿಮ್ಮ ಹಕ್ಕು. ಬರೆದುಕೊಡಲು ಅನುಮಾನಿಸುವವರಿಂದ ಚುಚ್ಚಿಸಿಕೊಳ್ಳಬೇಡಿ.

ಕ್ಷಯದ ಔಷಧ ನಮ್ಮ ಕಾಲದಲ್ಲಿ ಹದಿನೆಂಟು ತಿಂಗಳು, ಜೊತೆಗೆ ಸ್ಟ್ರೆಪ್ಟೋಮೈಸಿನ್ ಸೂಜಿ. ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗೆ ಸಾಕು, ಅದೂ ಸರಕಾರದಿಂದ ಪುಕ್ಕಟೆ, ಆಹಾರಕ್ಕೆಂದು ತಿಂಗಳಿಗೆ ಸಾವಿರ ರೂಪಾಯಿಯ ನೆರವೂ ಇದೆ. ಸೂಜಿ ಇಲ್ಲದೆಯೇ ಹೆಚ್ಚು ಜನ ಗುಣವಾಗುತ್ತಿದ್ದಾರೆ ಎಂಬುದನ್ನು ಗಮನಿಸಿ.

ಇಷ್ಟೆಲ್ಲ ಹೇಳಿದ ಮೇಲೆ, ನೀವು ಹಳೆಯ ಡಾಕ್ಟರರಲ್ಲಿ ಕಂಡ ಒಳ್ಳೆಯದು ಸುಳ್ಳೇ? ಸುಳ್ಳಲ್ಲ. ಆ ಡಾಕ್ಟರು ಇದ್ದ ಊರು ಬಿಟ್ಟು ಹೋಗುತ್ತಿರಲಿಲ್ಲ. ನಿಮ್ಮ ತಂದೆಗೆ ಲಕ್ವಾ ಹೊಡೆದದ್ದು, ಅಕ್ಕನಿಗೆ ಬಾಣಂತನದಲ್ಲಿ ನಂಜು ಏರಿದ್ದು, ನೀವು ಹೊಲದಿಂದ ಎಷ್ಟು ಹೊತ್ತಿಗೆ ಬಂದು ಏನು ಉಣ್ಣುತ್ತೀರಿ ಎಂಬುದು ಅವರಿಗೆ ಗೊತ್ತಿತ್ತು. ಕಳೆದುಕೊಂಡದ್ದು ಇದನ್ನು. ಇದು ಈಗ ಎಂದಿಗಿಂತ ಹೆಚ್ಚು ಬೇಕಾಗಿದೆ ಎಂಬುದೇ ನನ್ನ ವಾದ. ಏಕೆಂದರೆ ರೋಗಗಳ ಜಾತಿ ಬದಲಾಗಿದೆ. ಕಾಲರಾ ಮೂರು ದಿನದಲ್ಲಿ ತೀರ್ಮಾನವಾಗುತ್ತಿತ್ತು. ರಕ್ತದೊತ್ತಡ, ಸಿಹಿಮೂತ್ರ ರೋಗಗಳು ಮೂವತ್ತು ವರ್ಷ ಜೊತೆಗಿರುವ ಬೀಗರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ ನೂರಕ್ಕೆ ಮೂವತ್ತೈದು ಮಂದಿಗೆ ರಕ್ತದೊತ್ತಡ ಹೆಚ್ಚು.

ಹುಬ್ಬಳ್ಳಿಯಲ್ಲಿ ನಾವು ಓದುವಾಗ ಇವು ಪೇಟೆಯ ಸಾಹುಕಾರರ ರೋಗಗಳು. ನಿವೃತ್ತನಾಗಿ 2010ರಲ್ಲಿ ಸಾಲಹಳ್ಳಿಗೆ ಬಂದು ನೆಲೆಸಿದ ಮೇಲೆ ನಾನು ಕಾಣುತ್ತಿರುವುದು ಕಬ್ಬು ಕಡಿಯುವವರಲ್ಲಿ, ಮಗ್ಗದವರಲ್ಲಿ, ಕುರಿ ಕಾಯುವವರಲ್ಲಿ. ಗುಳಿಗೆಗೆ ಕೊರತೆಯಿಲ್ಲ. ಆರೋಗ್ಯ ಕೇಂದ್ರದಲ್ಲಿ ಸಿಗುತ್ತವೆ, ಕೊಂಡರೂ ದುಬಾರಿಯಲ್ಲ. ಕೊರತೆ ಇರುವುದು ‘ಎರಡು ತಿಂಗಳಿಂದ ಯಾಕೆ ಬರಲಿಲ್ಲ?’ ಎಂದು ಕೇಳುವವರದು. ಗುಳಿಗೆ ನುಂಗಿ ತಲೆನೋವು ನಿಂತರೆ ‘ಆರಾಮ ಆತು’ ಎಂದು ಬಿಡುತ್ತಾರೆ. ಒತ್ತಡಕ್ಕೆ ಸದ್ದಿಲ್ಲ, ನೋವಿಲ್ಲ. ಒಂದು ಬೆಳಿಗ್ಗೆ ಮುಖ ಸೊಟ್ಟಗಾಗುತ್ತದೆ, ಕೈ ಸೋಲುತ್ತದೆ, ಮಾತು ತೊದಲುತ್ತದೆ. ಆಗ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನಾಲ್ಕೂವರೆ ತಾಸಿನೊಳಗೆ ಮುಟ್ಟಿದರೆ ಹೆಪ್ಪು ಕರಗಿಸುವ ಔಷಧ ಕೊಡಲು ಅನೇಕರಲ್ಲಿ ಸಾಧ್ಯ. ನಮ್ಮವರು ಮಾಡುವುದೇನು? ಜೀಪು ಮಾಡಿಕೊಂಡು ಯಾವುದೋ ಊರಿನ ‘ಲಕ್ವಾ ಔಷಧಿ’ಗೆ ಒಯ್ಯುತ್ತಾರೆ, ಬೆಳಕು ಹರಿಯುವ ಮುನ್ನ ಮುಟ್ಟಬೇಕೆಂಬ ಅವಸರದಿಂದ. ಅಲ್ಲಿಯೂ ಕೆಲವರ ಕೈಕಾಲು ತಾನಾಗಿಯೇ ಸ್ವಲ್ಪ ತಿರುಗುತ್ತದೆ, ಮತ್ತೊಬ್ಬರ ಕೈಗುಣದ ಖ್ಯಾತಿ ಹುಟ್ಟುತ್ತದೆ.

ಹೊಸ ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ಬುದ್ಧಿವಂತರು, ನಮಗಿಂತ ಹೆಚ್ಚು ಓದಿದವರು. ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷ ದಾಟಿವೆ. ಆದರೆ ಹೌಸ್ ಸರ್ಜನ್ಸಿಯ ವರ್ಷ, ಕೈ ಪಳಗಬೇಕಾದ ವರ್ಷ, ಮುಂದಿನ ಪ್ರವೇಶ ಪರೀಕ್ಷೆಯ ತಯಾರಿಯಲ್ಲಿ ಹೋಗುತ್ತದೆ. ರಾಜ್ಯದಲ್ಲಿ ಕಡ್ಡಾಯ ಸೇವೆಗೆಂದು 2012ರ ಕಾಯ್ದೆ ಇದೆ. ಒಂದು ವರ್ಷಕ್ಕೆ ಬಂದವರು ಹೋಗುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರುತ್ತಾರೆ. ಮೂವತ್ತು ವರ್ಷದ ರೋಗಕ್ಕೆ ಒಂದು ವರ್ಷದ ಡಾಕ್ಟರು! ಕಡ್ಡಾಯ ಮಾಡುವುದಕ್ಕಿಂತ, ಐದು ವರ್ಷ ಒಂದೇ ಊರಿನಲ್ಲಿ ನಿಂತವರಿಗೆ ಸ್ನಾತಕೋತ್ತರ ಸೀಟಿನಲ್ಲಿ ನಿಜವಾದ ಅನುಕೂಲ, ಸೋರದ ಮನೆ, ಮಕ್ಕಳಿಗೆ ಶಾಲೆ ಇವನ್ನು ಕೊಡುವುದು ಮೇಲು. ನಾನು ನಿಂತದ್ದು ತ್ಯಾಗದಿಂದ ಎಂದು ಯಾರೂ ತಿಳಿಯಬಾರದು. ನಮ್ಮ ಕಾಲದಲ್ಲಿ ಬೇರೆ ದಾರಿಗಳು ಕಡಿಮೆ ಇದ್ದವು, ಅಷ್ಟೇ.

ಅಂಥ ಡಾಕ್ಟರು ಬರುವವರೆಗೆ ನಿಮ್ಮ ಕೈಯಲ್ಲಿ ಆಗುವುದೊಂದಿದೆ. ಡಾಕ್ಟರು ಬದಲಾಗಲಿ, ನಿಮ್ಮ ಕಥೆ ಬದಲಾಗದೆ ಉಳಿಯಬೇಕು. ನನ್ನ ಕಡೆಗೆ ಬರುವವರಿಗೆಲ್ಲ ನಾನು ಒಂದು ನೂರು ಪುಟದ ವಹಿ ತರಲು ಹೇಳುತ್ತೇನೆ. ಚೀಟಿಗಳು ಪ್ಲಾಸ್ಟಿಕ್ ಚೀಲದಲ್ಲಿ ನುಗ್ಗಾಗಿ ಹೋಗುತ್ತವೆ, ವಹಿ ಉಳಿಯುತ್ತದೆ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ತಂದೆ-ತಾಯಿಗೆ ಇದ್ದ ರೋಗ, ಆದ ಆಪರೇಶನ್ನು, ಮೈಗೆ ಆಗದ ಔಷಧ. ಆಮೇಲೆ ತಾರೀಖು ಹಾಕಿ ರಕ್ತದೊತ್ತಡ, ಸಕ್ಕರೆ, ಗುಳಿಗೆಯ ಹೆಸರು. ಒತ್ತಡ ನೋಡಿಸುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂಡಬೇಕು. ಅರ್ಧ ತಾಸು ಮೊದಲಿಂದ ಚಹಾ, ತಂಬಾಕು ಬೇಡ. ಮೆಟ್ಟಿಲು ಹತ್ತಿ ಬಂದವರ ಒತ್ತಡ ಬರೆದುಕೊಂಡು ಗುಳಿಗೆ ಏರಿಸುವುದು ಯಾರಿಗೂ ಒಳ್ಳೆಯದಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಡಾಕ್ಟರರೊಡನೆ ಮಾತನಾಡಿ. ಉಪ್ಪಿನಕಾಯಿ, ಹಪ್ಪಳ, ಕೆಂಪು ಚಟ್ನಿ ಎಲ್ಲ ಸೇರಿ ದಿನಕ್ಕೆ ಒಂದು ಚಹಾ ಚಮಚೆಯೊಳಗೆ ಉಪ್ಪು ಎಂಬ ಲೆಕ್ಕ ನಮ್ಮ ಊಟಕ್ಕೆ ಕಷ್ಟದ್ದೇ. ಮೊದಲು ತಾಟಿನ ಅಂಚಿಗೆ ಇಡುವ ಹಸಿ ಉಪ್ಪನ್ನು ಬಿಡಿ, ಅದರಿಂದ ಶುರುವಾಗಲಿ.

ಬರೆಯಲು ಬರದವರು, ಕಣ್ಣು ಮಂಜಾದವರು ಮೊಮ್ಮಕ್ಕಳ ಕೈಯಿಂದ ಬರೆಸಬಹುದು. ಆರನೆಯ ಇಯತ್ತೆಯ ಹುಡುಗಿಯೊಬ್ಬಳು ತನ್ನ ಅಜ್ಜನ ವಹಿಯಲ್ಲಿ ಕೆಂಪು ಶಾಯಿಯಿಂದ ‘ಗುಳಿಗಿ ತಗೊಂಡಿಲ್ಲ’ ಎಂದು ನಾಲ್ಕು ಕಡೆ ಬರೆದು ತಂದಿದ್ದಳು. ಅಜ್ಜ ತಲೆ ತಗ್ಗಿಸಿ ಕೂತಿದ್ದ. ಹೋದ ತಿಂಗಳು ನೋಡಿದಾಗ ಕೆಂಪು ಶಾಯಿ ಒಂದೇ ಕಡೆ ಇತ್ತು, ಒತ್ತಡ 136/84.